ಚೌತಿಗೆ ಮನೆಯಲ್ಲಿ ಹಳೆಯ ಬ್ರಿಟಿಷ್ ಹಾಸ್ಯ ಚಿತ್ರಗಳ ರಸಪ್ರಶ್ನೆ ಆಡಿಸಬೇಕು, ದಾರಿ ಹೇಳಿ

ತೋಟದಮನೆ_ಶಿರಸಿ

ನಮ್ಮ ಮಾವನವರು ಮುಂಬೈಯಲ್ಲಿ ಬ್ಯಾಂಕ್ ನೌಕರಿಯಲ್ಲಿ ಇದ್ದಷ್ಟು ಕಾಲವೂ ಬ್ರಿಟಿಷ್ ಹಾಸ್ಯ ಚಿತ್ರಗಳನ್ನು ಬಿಡದೆ ನೋಡಿದವರು. ನಿವೃತ್ತರಾಗಿ ಶಿರಸಿ ಹತ್ತಿರದ ತೋಟದ ಮನೆಗೆ ಬಂದ ಮೇಲೂ ಆ ಪ್ರೀತಿ ಎಳ್ಳಷ್ಟೂ ಇಳಿದಿಲ್ಲ. ನಟ ಅಲೆಕ್ ಗಿನ್ನಿಸ್ ಹೆಸರೆತ್ತಿದರೆ ಸಾಕು, ಅಡಿಕೆ ಸುಲಿಯುವುದನ್ನು ನಿಲ್ಲಿಸಿ, ಎದ್ದು ನಿಂತು ಇಡೀ ದೃಶ್ಯವನ್ನೇ ಅಭಿನಯಿಸುತ್ತಾರೆ. 1949ರ 'ಕೈಂಡ್ ಹಾರ್ಟ್ಸ್ ಅಂಡ್ ಕಾರೊನೆಟ್ಸ್' ಚಿತ್ರದಲ್ಲಿ ಗಿನ್ನಿಸ್ ಒಂದೇ ಮನೆತನದ ಎಂಟು ಮಂದಿಯ ವೇಷ ಹಾಕಿದ್ದಾರಲ್ಲ, ಆ ಎಂಟರಲ್ಲಿ ಒಬ್ಬಳು ಹೆಂಗಸು. ಅವಳ ನಡಿಗೆಯೂ ಮಾವನವರಿಗೆ ಬರುತ್ತದೆ.

ಲಂಡನ್ನಿನಲ್ಲಿರುವ ನಾದಿನಿಯ ಮಗಳು ಅಜ್ಜನಿಗೆಂದೇ ಒಂದು ರಸಪ್ರಶ್ನೆಯ ಡಿವಿಡಿ ತಂದುಕೊಟ್ಟಳು. ಚಿತ್ರದ ತುಣುಕು ಬರುತ್ತದೆ, ಹಿಂದೆಯೇ ಪ್ರಶ್ನೆ. ರಿಮೋಟಿನ ಬಾಣದ ಗುಂಡಿಯಿಂದ ಉತ್ತರ ಆರಿಸಬೇಕು. ನಮ್ಮ ಪ್ಲೇಯರಿನಲ್ಲಿ ಅದು ಓಡುತ್ತಿಲ್ಲ, ಎಚ್ಚರಿಕೆಯ ಒಂದು ಸಾಲು ತೋರಿಸಿ ನಿಂತುಬಿಡುತ್ತದೆ. ಅದನ್ನು ಓಡಿಸಬಹುದೇ? ಆಗದಿದ್ದರೆ ನಾನೇ ಅಂಥದೊಂದು ಆಟ ತಯಾರಿಸಬಹುದೇ? ಚಕ್ಕುಲಿ ಕಂಬಳದ ದಿನ, ಅಂದರೆ ಎಲ್ಲರೂ ಕೂಡಿ ಚಕ್ಕುಲಿ ಮಾಡುವ ದಿನ, ಅಕ್ಕಪಕ್ಕದ ಮನೆಯವರೂ ಸೇರಿ ಜಗುಲಿ ತುಂಬಿರುತ್ತದೆ, ಆಗಲೇ ಆಡಿಸುವ ಆಸೆ. ಮಳೆಗಾಲದಲ್ಲಿ ನಮ್ಮಲ್ಲಿ ಇಂಟರ್ನೆಟ್ ನಂಬುವಂತಿಲ್ಲ, ಆದ್ದರಿಂದ ಮೊಬೈಲಿನಲ್ಲಿ ಆಡುವ ಆನ್‌ಲೈನ್ ಆಟಗಳು ಬೇಡ. ಮಕ್ಕಳು ಈ ಚಿತ್ರಗಳನ್ನು ನೋಡಿಯೇ ಇಲ್ಲ. ಅವರಿಗೂ ರುಚಿಸಬೇಕು, ಮಾವನವರಿಗೂ ಸಪ್ಪೆ ಎನಿಸಬಾರದು.

ಕೋಡಿಬಾಗ_ಕಾರವಾರ

ಅಕ್ಕ, ಡಿವಿಡಿ ಹಾಳಾಗಿಲ್ಲ. ಪೆಟ್ಟಿಗೆಯ ಹಿಂದೆ ಪುಟ್ಟ ಭೂಗೋಳದ ಚಿತ್ರದೊಳಗೆ ಒಂದು ಅಂಕಿ ಇರುತ್ತದೆ, ನೋಡಿ. ಅದು ಡಿವಿಡಿ ಯಾವ ಪ್ರದೇಶದ್ದು ಎಂಬ ಗುರುತು. ಬ್ರಿಟನ್ನಿನ ಡಿವಿಡಿಗಳಿಗೆ 2, ಭಾರತಕ್ಕೆ 5. ಪ್ಲೇಯರು 5ಕ್ಕೆ ಬೀಗ ಹಾಕಿದ್ದಾದರೆ 2ನ್ನು ಒಳಗೆ ಬಿಡುವುದಿಲ್ಲ. ಟಿವಿಯಲ್ಲಿ ಚಿತ್ರ ಮೂಡಿಸುವ ಪದ್ಧತಿ ಎರಡೂ ಕಡೆ ಒಂದೇ, ಪಾಲ್ ಎಂಬುದು, ಅಲ್ಲಿ ತೊಡಕಿಲ್ಲ. ಡಿವಿಡಿ ಡ್ರೈವ್ ಇರುವ ಹಳೆಯ ಲ್ಯಾಪ್‌ಟಾಪ್ ಮನೆಯಲ್ಲಿದ್ದರೆ ವಿಎಲ್‌ಸಿ ಎಂಬ ವಿಡಿಯೊ ತಂತ್ರಾಂಶದಲ್ಲಿ ಹಾಕಿ ನೋಡಿ, ಬಹಳಷ್ಟು ಸಲ ಓಡುತ್ತದೆ. ಪ್ರದೇಶ ಬದಲಿಸಲೇ ಎಂದು ಕಂಪ್ಯೂಟರ್ ಕೇಳಿದರೆ ಮಾತ್ರ ಯೋಚಿಸಿ ಒಪ್ಪಿಕೊಳ್ಳಿ. ಡ್ರೈವಿನಲ್ಲಿ ಹಾಗೆ ಬದಲಿಸಲು 5 ಸಲ ಮಾತ್ರ ಅವಕಾಶ, ಕೊನೆಯದು ಶಾಶ್ವತ.

ಆದರೂ ನೀವೇ ತಯಾರಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಅಂಕ ನೆನಪಿಡುವುದಕ್ಕೆ, ಪ್ರಶ್ನೆ ಕಲಸುವುದಕ್ಕೆ ಡಿವಿಡಿ ಪದ್ಧತಿಯಲ್ಲಿ ಇರುವುದು 16 ಸಣ್ಣ ಖಾನೆಗಳು ಅಷ್ಟೇ. ಅಷ್ಟರಲ್ಲೇ ಆಟ ಕಟ್ಟಿದವರ ಜಾಣತನ ನಿಜಕ್ಕೂ ದೊಡ್ಡದು. ಆದರೆ ಪ್ರಶ್ನೆಗಳು ಎಣಿಕೆಯವು. ಎರಡು ಹಬ್ಬ ಕಳೆಯುವಷ್ಟರಲ್ಲಿ ನಿಮ್ಮ ಮಾವನವರಿಗೆ ಎಲ್ಲವೂ ಬಾಯಿಪಾಠವಾಗಿರುತ್ತದೆ.

ಪರದೆಯ ಮೇಲೆ ಪುಟ ಪುಟವಾಗಿ ತೋರಿಸುವ ಲಿಬ್ರೆ ಆಫೀಸ್ ಇಂಪ್ರೆಸ್ ಅಥವಾ ಪವರ್‌ಪಾಯಿಂಟ್ ತಂತ್ರಾಂಶ ಸಾಕು. ಪ್ರತಿ ಪ್ರಶ್ನೆಗೂ ಒಂದು ಪುಟ, ನಾಲ್ಕು ಉತ್ತರಕ್ಕೆ ನಾಲ್ಕು ಚೌಕ, ಒಂದೊಂದು ಚೌಕಕ್ಕೂ 'ಸರಿ' ಅಥವಾ 'ತಪ್ಪು' ಪುಟದ ಕೊಂಡಿ. ಪವರ್‌ಪಾಯಿಂಟಿನಲ್ಲಿ ಮೌಸ್ ಒತ್ತಿದರೆ ಮುಂದಿನ ಪುಟಕ್ಕೆ ಹೋಗುವ ಗುರುತನ್ನು ಎಲ್ಲ ಪುಟಗಳಲ್ಲೂ ತೆಗೆದುಹಾಕಿ. ಇಲ್ಲದಿದ್ದರೆ ಚೌಕದ ಹೊರಗೆ ಎಲ್ಲಿ ಒತ್ತಿದರೂ ಉತ್ತರ ಬಯಲಾಗುತ್ತದೆ. ತುಣುಕು ಕತ್ತರಿಸುವ ಕೆಲಸವೂ ಬೇಡ. ನಿಮ್ಮಲ್ಲಿರುವ ಚಿತ್ರವನ್ನು ವಿಎಲ್‌ಸಿಯಲ್ಲಿ ತೆರೆದು ಕಂಟ್ರೋಲ್ ಜೊತೆ ಟಿ ಒತ್ತಿದರೆ ಬೇಕಾದ ನಿಮಿಷಕ್ಕೆ ನೇರವಾಗಿ ಹೋಗಬಹುದು. ನಿಮಿಷಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಮೇಷ್ಟ್ರು_ಕುಮಟಾ

ತಂಗಿ, ಯಂತ್ರದ ಮಾತು ಮೇಲಿನವರು ಹೇಳಿದ್ದಾರೆ. ನನಗೆ ಪ್ರಶ್ನೆಗಳದೇ ಚಿಂತೆ. ಯಾವ ಇಸವಿ, ಯಾರ ನಿರ್ದೇಶನ ಎಂದು ಕೇಳಿದರೆ ನೋಡದವರು ಬಾಯಿ ಕಟ್ಟಿಕೊಂಡು ಕೂರುತ್ತಾರೆ. ಹಾಸ್ಯ ಚಿತ್ರದ ರಸಪ್ರಶ್ನೆಯಲ್ಲಿ ನಗು ಬರಬೇಕು, ಅದೂ ಚಿತ್ರದ ನಗುವೇ ಬರಬೇಕು. ದೃಶ್ಯ ಉಕ್ಕುವ ಹೊತ್ತಿಗೆ ನಿಲ್ಲಿಸಿ, 'ಮುಂದೇನು?' ಎಂದು ಕೇಳಿ.

'ದಿ ಲ್ಯಾವೆಂಡರ್ ಹಿಲ್ ಮಾಬ್' (1951) ಇದೆಯಲ್ಲ, ಅದರಲ್ಲಿ ಕದ್ದ ಚಿನ್ನವನ್ನು ದೇಶದಿಂದ ಹೊರಗೆ ಸಾಗಿಸಬೇಕು. ಹೇಗೆ ಸಾಗಿಸುತ್ತಾರೆ ಎಂದು ಮಕ್ಕಳನ್ನು ಕೇಳಿ, ಅವರ ಉಪಾಯಗಳನ್ನೆಲ್ಲ ಹೇಳಲು ಬಿಡಿ. ಆಮೇಲೆ ಆ ಚಿನ್ನವನ್ನೇ ಕರಗಿಸಿ ಎರಕ ಹೊಯ್ದ ಐಫೆಲ್ ಗೋಪುರದ ಪುಟ್ಟ ಬೊಂಬೆಗಳನ್ನು ತೋರಿಸಿ. 'ದಿ ಲೇಡಿಕಿಲ್ಲರ್ಸ್' (1955) ಚಿತ್ರಕ್ಕೆ ಪರದೆ ಮುಚ್ಚಿ, ಧ್ವನಿ ಮಾತ್ರ ಕೇಳಿಸಿ. ಬೊಕ್ಕೆರಿನಿ ಎಂಬ ಇಟಲಿಯ ಸಂಗೀತಗಾರನ ಸಂಗೀತ ಬರುತ್ತಿರುತ್ತದೆ. 'ಕೋಣೆಯೊಳಗೆ ಎಷ್ಟು ಜನ ವಾದ್ಯ ನುಡಿಸುತ್ತಿದ್ದಾರೆ?' ಉತ್ತರ: ಒಬ್ಬರೂ ಇಲ್ಲ! ಗ್ರಾಮಫೋನ್ ಹಚ್ಚಿ, ವಾದಕರ ಸೋಗಿನಲ್ಲಿ ಐವರು ಕಳ್ಳರು ದರೋಡೆಗೆ ಹೊಂಚು ಹಾಕುತ್ತಿರುತ್ತಾರೆ. ನಟ ಪೀಟರ್ ಸೆಲರ್ಸ್ ಆ ಐವರಲ್ಲಿ ಒಬ್ಬರು. ಇದಕ್ಕಿಂತ ಒಳ್ಳೆಯ ರಸಪ್ರಶ್ನೆ ನನಗೆ ಹೊಳೆಯುವುದಿಲ್ಲ.

'ಕ್ಯಾರಿ ಆನ್' ಸರಣಿಯಲ್ಲಿ 1958ರಿಂದ 1992ರವರೆಗೆ 31 ಚಿತ್ರಗಳು ಬಂದಿವೆ, ಆದರೆ ದ್ವಂದ್ವಾರ್ಥದ ಮಾತೇ ಅವುಗಳ ಬಂಡವಾಳ. ಮಕ್ಕಳು ಕುಳಿತಿರುವಾಗ ನಾನಾದರೆ ಹಾಕುವುದಿಲ್ಲ. ಬೇಕಾದರೆ ಅದೇ ಸರಣಿಯ 'ಅಪ್ ದಿ ಖೈಬರ್' (1968) ಚಿತ್ರದ ಬೆಟ್ಟದ ನೋಟವೊಂದನ್ನು ಮಾತ್ರ ತೋರಿಸಿ 'ಇದು ಯಾವ ದೇಶ?' ಎಂದು ಕೇಳಬಹುದು. ಚಿತ್ರದ ಆ ಖೈಬರ್ ಕಣಿವೆಯನ್ನು ನಿಜಕ್ಕೂ ತೆಗೆದದ್ದು ಬ್ರಿಟನ್ನಿನ ವೇಲ್ಸಿನಲ್ಲಿರುವ ಸ್ನೋಡೋನಿಯಾ ಬೆಟ್ಟಗಳಲ್ಲಿ.

ಮಾವನವರನ್ನು ತೀರ್ಪುಗಾರರನ್ನಾಗಿ ಕೂರಿಸಿ. ಅವರಿಗೆ ಗೌರವ, ಮಕ್ಕಳಿಗೆ ಅವಕಾಶ.

ಅಳವೆದಂಡೆ_ಹೊನ್ನಾವರ

ಕಂಬಳದಲ್ಲಿ ಕೈಯೆಲ್ಲ ಹಿಟ್ಟು, ಎಣ್ಣೆ. ರಿಮೋಟ್, ಮೊಬೈಲ್ ಯಾರೂ ಮುಟ್ಟುವಂತಿಲ್ಲ. ಆದ್ದರಿಂದ ಗಂಟೆಯ ಬದಲು ಒಂದು ತಂಡಕ್ಕೆ ತೆಂಗಿನ ಕರಟದ ಎರಡು ಹೋಳು, ಇನ್ನೊಂದಕ್ಕೆ ಚೊಂಬು, ಸೌಟು ಕೊಡಿ. ಕಣ್ಣು ಮುಚ್ಚಿದರೂ ಯಾರು ಮೊದಲು ಬಾರಿಸಿದರು ಎಂದು ಗೊತ್ತಾಗುತ್ತದೆ. ಕರಟ ಸುಮ್ಮನೆ ಹೇಳಿದ್ದಲ್ಲ. 'ಮಾಂಟಿ ಪೈಥಾನ್ ಅಂಡ್ ದಿ ಹೋಲಿ ಗ್ರೇಲ್' (1975) ತೆಗೆಯುವಾಗ ಕುದುರೆಗಳಿಗೆ ದುಡ್ಡಿರಲಿಲ್ಲ. ರಾಜ ಕುದುರೆ ಏರಿದವನಂತೆ ನಡೆಯುತ್ತಾನೆ, ಹಿಂದೆ ಸೇವಕ ಕರಟ ಬಡಿಯುತ್ತಾನೆ. ಆ ಸದ್ದನ್ನು ಮೊದಲು ಕೇಳಿಸಿ 'ಇದು ಏನು?' ಎಂದು ಕೇಳಿ. ಕರಾವಳಿಯ ಮಕ್ಕಳು ಬೇಗ ಹಿಡಿಯುತ್ತಾರೆ.

'ವಿಸ್ಕಿ ಗಲೋರ್' (1949) ಬಿಡಬೇಡಿ. 1941ರಲ್ಲಿ ವಿಸ್ಕಿ ತುಂಬಿದ್ದ 'ಪೊಲಿಟಿಷಿಯನ್' ಎಂಬ ಹಡಗು ಸ್ಕಾಟ್ಲೆಂಡಿನ ಎರಿಸ್ಕೆ ದ್ವೀಪದ ಬಳಿ ನೆಲ ಹತ್ತಿದ ನಿಜ ಘಟನೆಯೇ ಅದರ ಬೇರು. ಊರವರು ಬಾಟಲಿಗಳನ್ನು ಎಲ್ಲೆಲ್ಲಿ ಅಡಗಿಸಿಯಾರು ಎಂದು ಎರಡೂ ತಂಡಗಳಿಂದ ಪಟ್ಟಿ ಮಾಡಿಸಿ, ಆಮೇಲೆ ದೃಶ್ಯ ಓಡಿಸಿ. ಹೊಂದಿದ್ದಕ್ಕೆಲ್ಲ ಒಂದೊಂದು ಅಂಕ.

ತೋಟದಮನೆ_ಶಿರಸಿ

ಎಲ್ಲರಿಗೂ ಮನಸಾರೆ ವಂದನೆ. ಡಿವಿಡಿಯ ಅಂಕಿ 2 ಎಂದೇ ಇದೆ. ಕರಟವನ್ನು ಈಗಲೇ ಹೆರೆದು ನುಣುಪು ಮಾಡಿಟ್ಟಿದ್ದೇನೆ. ಮೇಷ್ಟ್ರೇ, ಒಂದು ಮಾತಿಗೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ಮಾವನವರು ತೀರ್ಪುಗಾರರಾಗಿ ಕೂರುವುದು ಬೇಡ. ಮನೆಯ ಎಲ್ಲ ಕಾರ್ಯಕ್ಕೂ ಅವರನ್ನು ಹಿರಿಯರೆಂದು ಕುರ್ಚಿಯಲ್ಲಿ ಕೂರಿಸಿಯೇ ಇಡುತ್ತೇವೆ. ಈ ಒಂದು ದಿನ ಅವರು ಆಡಬೇಕು. ಆದರೆ ಅವರಿಗೆ ಎಲ್ಲ ಉತ್ತರವೂ ಗೊತ್ತು. ಆಟ ಏಕಪಕ್ಷೀಯವಾಗದಂತೆ ಏನು ಮಾಡಲಿ?

ಮೇಷ್ಟ್ರು_ಕುಮಟಾ

ನಿಮ್ಮ ಮಾತೇ ಸರಿ, ಅವರು ಆಡಲಿ. ಎರಡೂ ತಂಡಕ್ಕೆ ಚಿತ್ರ ಬಲ್ಲವರು ಒಬ್ಬೊಬ್ಬರಿರಲಿ, ಮಾವನವರ ಎದುರು ತಂಡಕ್ಕೆ ಲಂಡನ್ನಿನ ಹುಡುಗಿ ಆಗಬಹುದು. ಮೊದಲು ಮಕ್ಕಳು ಊಹಿಸಬೇಕು, ಸರಿಯಾದರೆ 2 ಅಂಕ. ತಪ್ಪಿದರೆ ಬಲ್ಲವರು ಬಾಯಿ ತೆರೆಯದೆ ಆ ದೃಶ್ಯವನ್ನು ಅಭಿನಯಿಸಿ ತೋರಿಸಬೇಕು, ಅದನ್ನು ನೋಡಿ ಮಕ್ಕಳು ಹೇಳಿದರೆ 1. ಆ ಎಂಟು ವೇಷಗಳ ಪ್ರಶ್ನೆಯನ್ನು ಮಾವನವರ ಸರದಿಗೇ ಇಟ್ಟುಕೊಳ್ಳಿ.