ಗುಣಬಲಗಳ ಪಟ್ಟಿ ಎಲ್ಲ ಸಂಸ್ಕೃತಿಗಳಿಗೂ ಒಗ್ಗುತ್ತದೆಯೇ?

ಪ್ರಶ್ನೆ:
ಅಮೆರಿಕದ ಮನಶ್ಶಾಸ್ತ್ರಜ್ಞರಾದ ಪೀಟರ್ಸನ್ ಮತ್ತು ಸೆಲಿಗ್‌ಮನ್ 2004ರಲ್ಲಿ ಮನುಷ್ಯನ 24 ಗುಣಬಲಗಳನ್ನು (ಧೈರ್ಯ, ದಯೆ, ಹಿಡಿದ ಕೆಲಸ ಬಿಡದಿರುವುದು ಮುಂತಾದ ಒಳ್ಳೆಯ ಗುಣಗಳನ್ನು) ಆರು ಸದ್ಗುಣಗಳ ಅಡಿಯಲ್ಲಿ ವಿಂಗಡಿಸಿದರು. ಅಮೆರಿಕದಲ್ಲಿ ಸಿದ್ಧವಾದ ಈ ಪಟ್ಟಿಯಿಂದ ಬೇರೆ ಸಂಸ್ಕೃತಿಯವರನ್ನು ಅಳೆಯುವುದು ಸರಿಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಈ ಸಂಶಯವನ್ನು ಪರಿಶೀಲಿಸಲೆಂದು ಮನಶ್ಶಾಸ್ತ್ರಜ್ಞ ಬಿಸ್ವಾಸ್-ಡೀನರ್ ಅವರು ಕೀನ್ಯಾದ ಮಸಾಯಿ ಬುಡಕಟ್ಟಿನವರನ್ನೂ ಉತ್ತರ ಗ್ರೀನ್‌ಲ್ಯಾಂಡಿನ ಮೂಲನಿವಾಸಿಗಳಾದ ಇನುಗ್ವಿಟ್ ಜನರನ್ನೂ ಅಮೆರಿಕದ ವಿದ್ಯಾರ್ಥಿಗಳನ್ನೂ ಪ್ರಶ್ನಿಸಿ, 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಈ ಗುಣಗಳು ತಮ್ಮಲ್ಲಿಯೂ ಉಂಟು, ಬೇಕಾದವೂ ಹೌದು ಎಂದು ಮೂರೂ ಕಡೆಯವರು ಬಹುಮಟ್ಟಿಗೆ ಒಪ್ಪಿದರು; ಆದರೆ ಯಾವುದು ಎಷ್ಟು ಮುಖ್ಯ ಎಂಬಂಥ ಕೆಲವು ವಿಷಯಗಳಲ್ಲಿ ವ್ಯತ್ಯಾಸ ಕಂಡಿತು.

ಉತ್ತರ 2:
ಅಳತೆಗೋಲಿನ ಬಗ್ಗೆಯೇ ನನಗೆ ತಕರಾರಿದೆ. ತಮಗೆ ತಾವೇ ಅಂಕ ಕೊಟ್ಟುಕೊಂಡು ಈ ಗುಣಗಳನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ಕನ್ನಡದಲ್ಲಿ ತಾಯಿಗೆ ಓದಿ ಹೇಳಿದಾಗ, ‘ನಾನು ಹಿಡಿದ ಕೆಲಸ ಬಿಡುವವಳಲ್ಲ’ ಎಂಬ ವಾಕ್ಯಕ್ಕೆ ಅವರು, ‘ಅದನ್ನು ಕಂಡವರು ಹೇಳಬೇಕು, ನಾನೇ ಹೇಳಿಕೊಳ್ಳುವುದೇ?’ ಎಂದು ನಕ್ಕು, ಐದಕ್ಕೆ ಎರಡು ಅಂಕ ಹಾಕಿಸಿದರು. ಮೂವತ್ತು ವರ್ಷ ನಸುಕಿನಲ್ಲೆದ್ದು ಹಾಲು ಕರೆದು ಡೇರಿಗೆ ಹಾಕಿದವರು ಅವರು.

ಉತ್ತರ 3:
ಬಲವನ್ನು ವ್ಯಕ್ತಿಯೊಳಗೆ ಮಾತ್ರ ಹುಡುಕುವುದೂ ತೊಡಕೇ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಗಮನಿಸಿದರು. ಹಲವು ಸಂಕಷ್ಟಗಳ ನಡುವೆ ಬೆಳೆದವರಲ್ಲಿಯೂ ಸುಮಾರು ಮೂರನೆಯ ಒಂದು ಭಾಗದವರು ಸಮರ್ಥರಾಗಿ ನೆಲೆ ನಿಂತರು; ಅಂಥವರಿಗೆ ಅಜ್ಜ-ಅಜ್ಜಿಯೋ ಶಿಕ್ಷಕರೋ ನೆರೆಯವರೋ ಆಸರೆಯಾಗಿದ್ದರು. ಆ ಅಜ್ಜಿಗೆ ಯಾವ ಪ್ರಶ್ನಾವಳಿಯಲ್ಲಿ ಅಂಕ ಕೊಡೋಣ?