‘ಎನೇಬಲ್ ಎಡಿಟಿಂಗ್’ ಪಟ್ಟಿ ಬರಲೇ ಇಲ್ಲ ಸಾರ್: ಅಟ್ಯಾಚ್‌ಮೆಂಟ್ ಪ್ರಶ್ನೋತ್ತರ

(ಹಾಸನ–ಚಿಕ್ಕಮಗಳೂರು ಆಫೀಸ್ ಕಂಪ್ಯೂಟರ್ ಬಳಗ. ಉತ್ತರ: ಶ್ರೀಧರ್, ನೆಟ್‌ವರ್ಕ್ ಭದ್ರತೆ, ಹಾಸನ)

ನವೀನ್, ಬೇಲೂರು: ಹೆಸರಲ್ಲಿ ಪಿಡಿಎಫ್ ಅಂತಿದ್ರೆ ತೆಗೀಬಹುದಾ ಸಾರ್?

ಶ್ರೀಧರ್: ಹೆಸರು ನೋಡಬೇಡಿ, ಬಾಲ ನೋಡಿ, ಅಂದ್ರೆ ಕೊನೇ ಚುಕ್ಕಿ ಆದಮೇಲಿನ ಅಕ್ಷರ. ವಿಂಡೋಸ್ ಆ ಬಾಲವನ್ನೇ ಮುಚ್ಚಿಡುತ್ತೆ. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಟಿಕ್ ಮಾಡಿ. 2000ದ ಮೇ ತಿಂಗಳಲ್ಲಿ ‘ಐ ಲವ್ ಯೂ’ ವೈರಸ್ ಹಬ್ಬಿದ್ದು ಹೀಗೇ. ಟಿಎಕ್ಸ್‌ಟಿ (ಬರೀ ಪಠ್ಯ) ಆದಮೇಲೆ ವಿಬಿಎಸ್ (ಓಡುವ ಪ್ರೋಗ್ರಾಂ) ಇತ್ತು, ಜನಕ್ಕೆ ಕಂಡಿದ್ದು ಟಿಎಕ್ಸ್‌ಟಿ ಮಾತ್ರ.

ಸುಮಾ, ಚಿಕ್ಕಮಗಳೂರು: ಕಾಫಿ ವ್ಯಾಪಾರದ ಆಫೀಸು. ‘ಔಟ್‌ಟರ್ನ್ ರಿಪೋರ್ಟ್’ (ಸಂಸ್ಕರಿಸಿದ ಮೇಲೆ ಎಷ್ಟು ಕಾಫಿ ಸಿಕ್ತು ಅನ್ನೋ ವರದಿ) ಅಂತ ಖರೀದಿದಾರರ ಹೆಸರಲ್ಲಿ ಜಿಪ್ ಬಂತು, ಪಾಸ್‌ವರ್ಡ್ ಅದೇ ಮೇಲ್‌ನಲ್ಲಿತ್ತು. ಸೆವೆನ್‌ಜಿಪ್ ಅನ್ನೋ ತಂತ್ರಾಂಶದಲ್ಲಿ ಬಿಚ್ಚಿ ಎಕ್ಸೆಲ್ ತೆಗೆದರೆ ಯಾವಾಗಲೂ ಬರೋ ‘ಎನೇಬಲ್ ಎಡಿಟಿಂಗ್’ ಪಟ್ಟಿ ಬರಲಿಲ್ಲ. ನೇರ ‘ಎನೇಬಲ್ ಕಂಟೆಂಟ್’ ಕೇಳ್ತು. ಒತ್ತಿಲ್ಲ, ಮುಚ್ಚಿದೆ.

ಶ್ರೀಧರ್: ಒತ್ತದಿದ್ದದ್ದು ಒಳ್ಳೇದಾಯ್ತು ಮೇಡಂ, ಮ್ಯಾಕ್ರೋ (ಫೈಲಿನೊಳಗೆ ಅಡಗಿರೋ ಪುಟ್ಟ ಪ್ರೋಗ್ರಾಂ) ಓಡಿಲ್ಲ. ಆದರೆ ಪಟ್ಟಿ ಯಾಕೆ ಬರಲಿಲ್ಲ ಅನ್ನೋದೇ ಇಲ್ಲಿ ಮುಖ್ಯ. ಹೊರಗಿಂದ ಬಂದ ಫೈಲ್ ಉಳಿಸುವಾಗ ಔಟ್‌ಲುಕ್ ಆಗಲಿ ಬ್ರೌಸರ್ ಆಗಲಿ ಅದಕ್ಕೆ ಕಣ್ಣಿಗೆ ಕಾಣದ ಚೀಟಿ ಅಂಟಿಸುತ್ತೆ, ‘ಜೋನ್ ಐಡೆಂಟಿಫೈಯರ್’ ಅಂತ. ಅದರೊಳಗೆ ಜೋನ್ 3 ಅಂತಿದ್ದರೆ ಇಂಟರ್‌ನೆಟ್ ಸರಕು. ಪ್ರೊಟೆಕ್ಟೆಡ್ ವ್ಯೂ, ಅಂದ್ರೆ ‘ಎನೇಬಲ್ ಎಡಿಟಿಂಗ್’ ಪಟ್ಟಿ ಇರೋ ಓದೋಕಷ್ಟೇ ಬಿಡೋ ನೋಟ, ಬರೋದು ಆ ಚೀಟಿ ನೋಡಿ. ಜಿಪ್‌ಗೆ ಅಂಟಿದ ಚೀಟಿ ಬಿಚ್ಚುವಾಗ ಒಳಗಿನ ಫೈಲಿಗೂ ದಾಟಬೇಕು. ಸೆವೆನ್‌ಜಿಪ್‌ಗೆ ಆ ಸೌಲಭ್ಯ ಬಂದದ್ದೇ 2022ರ 22.00 ಆವೃತ್ತಿಯಲ್ಲಿ, ಅದೂ ತಾನಾಗಿ ಆನ್ ಇರಲ್ಲ. ಟೂಲ್ಸ್, ಆಪ್ಷನ್ಸ್, ಸೆವೆನ್‌ಜಿಪ್ ಟ್ಯಾಬ್‌ಗೆ ಹೋಗಿ ‘ಪ್ರೊಪಗೇಟ್ ಜೋನ್ ಐಡಿ ಸ್ಟ್ರೀಮ್’ ಅನ್ನು ಯೆಸ್ ಮಾಡಿ. ಜಿಪ್‌ನೊಳಗೆ ಜಿಪ್ ಇದ್ದರೆ ಚೀಟಿ ಬಿದ್ದುಹೋಗುವ ದೋಷ 24.09ರಲ್ಲಿ ಸರಿಯಾಯ್ತು, ಅದಕ್ಕಿಂತ ಹಳೇದು ಇಟ್ಕೋಬೇಡಿ. ಪರೀಕ್ಷೆ ಮಾಡಬೇಕಾ? ಜಿಪ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಜನರಲ್ ಟ್ಯಾಬ್‌ನ ಕೆಳಗೆ ‘ಅನ್‌ಬ್ಲಾಕ್’ ಇರುತ್ತೆ. ಎಕ್ಸೆಲ್‌ಗೆ ಇಲ್ಲದಿದ್ದರೆ ಚೀಟಿ ದಾರೀಲೇ ಕಳೆದಿದೆ.

ಪಾಸ್‌ವರ್ಡ್ ಇಟ್ಟದ್ದು ನಿಮ್ಮ ರಕ್ಷಣೆಗಲ್ಲ. ಮೇಲ್ ಸರ್ವರ್‌ನ ಸ್ಕ್ಯಾನರ್‌ಗೆ ಒಳಗೇನಿದೆ ಅಂತ ಕಾಣಬಾರದು, ಅಷ್ಟೇ. ಆಫೀಸ್ ಯಾವ ವರ್ಷದ್ದು? ಅಪ್‌ಡೇಟ್ ಆಗಿದ್ಯಾ?

ಗುರುರಾಜ್, ಅರಸೀಕೆರೆ: *ಫಾರ್ವರ್ಡ್* ಅಡ್ರೆಸ್ ಬುಕ್‌ನಲ್ಲಿ ಮೊದಲನೇದಾಗಿ ‘!0000’ ಸೇರಿಸಿ, ವೈರಸ್ ಅಲ್ಲೇ ನಿಲ್ಲುತ್ತೆ. ಎಲ್ಲರಿಗೂ ಕಳಿಸಿ.

ಶ್ರೀಧರ್: ಕಳಿಸಬೇಡಿ. ಸುಳ್ಳು, ಅದೂ ಇಪ್ಪತ್ತು ವರ್ಷ ಹಳೇದು. ಒಂದು ವಿಳಾಸ ತಪ್ಪಿದ್ದರೆ ವೈರಸ್ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತೆ.

ಗುರುರಾಜ್: ಹಾಕಿದ್ರೆ ನಷ್ಟ ಏನ್ರೀ?

ಶ್ರೀಧರ್: ಹಾಕಿದವರು ನಿಶ್ಚಿಂತೆಯಿಂದ ಅಟ್ಯಾಚ್‌ಮೆಂಟ್ ತೆಗೀತಾರೆ. ಅದೇ ನಷ್ಟ.

ಮಂಜುನಾಥ್, ಕಡೂರು: ನಮಗೆ ಬರೋ ನುಡಿ (ಕನ್ನಡ ಟೈಪಿಂಗ್ ತಂತ್ರಾಂಶ) ಫೈಲ್ ಎಲ್ಲಾ ಚಿತ್ರವಿಚಿತ್ರ ಅಕ್ಷರ. ಎನೇಬಲ್ ಒತ್ತಿದ್ರೆ ಸರಿಹೋಗುತ್ತೆ ಅಂತಾರಲ್ಲ?

ಅನಿತಾ, ಹಾಸನ: ಫಾಂಟ್ ಹಾಕ್ಕೊಳ್ಳಿ, ಸರಿಹೋಗುತ್ತೆ.

ಮಂಜುನಾಥ್: ಕಳಿಸೋರು ಯುನಿಕೋಡ್‌ನಲ್ಲಿ ಕಳಿಸಲಿ ಮೇಡಂ. ಊರಿನ ಫಾಂಟೆಲ್ಲಾ ನಾವೇ ಹಾಕ್ಕೋಬೇಕಾ?

ಅನಿತಾ: ಹಳೇ ಕಡತ ಸಾವಿರಾರು ಇವೆ, ನೀವೇ ಬಂದು ಟೈಪ್ ಮಾಡಿಕೊಡಿ.

ಶ್ರೀಧರ್: ಜಗಳ ಆಮೇಲೆ. ಫಾಂಟ್‌ಗೂ ‘ಎನೇಬಲ್ ಕಂಟೆಂಟ್’ಗೂ ಸಂಬಂಧವಿಲ್ಲ. ‘ಅಕ್ಷರ ಕಾಣದಿದ್ದರೆ ಇಲ್ಲಿ ಒತ್ತಿ’ ಅಂತ ಫೈಲೇ ಹೇಳಿದರೆ ಅದು ಬಲೆ. ಕೆಟ್ಟ ಅಕ್ಷರ ನೋಡಿ ಅಭ್ಯಾಸವಾದ ನಮ್ಮೋರೇ ಬೇಗ ಬೀಳೋದು.

ರಫೀಕ್, ಸಕಲೇಶಪುರ: ಮೇಲ್ ತೆಗೀದಿದ್ರೆ ಏನೂ ಆಗಲ್ಲ ಅಲ್ವಾ?

ಶ್ರೀಧರ್: ಆಗುತ್ತೆ. 2023ರ ಮಾರ್ಚ್‌ನಲ್ಲಿ ಸರಿಪಡಿಸಿದ ಔಟ್‌ಲುಕ್ ದೋಷಕ್ಕೆ ಕ್ಲಿಕ್ಕೇ ಬೇಕಿರಲಿಲ್ಲ. ರಿಮೈಂಡರ್ ಸದ್ದಿನ ಫೈಲ್ ಹುಡುಕಿಕೊಂಡು ಔಟ್‌ಲುಕ್ಕೇ ಕಳ್ಳರ ಸರ್ವರ್‌ಗೆ ಹೋಗಿ ಪಾಸ್‌ವರ್ಡ್ ಹ್ಯಾಶ್ (ಪಾಸ್‌ವರ್ಡ್‌ನ ಗೂಢ ರೂಪ) ಒಪ್ಪಿಸಿ ಬರ್ತಿತ್ತು. ಅಪ್‌ಡೇಟ್ ಹಾಕಿ. ರೂಟರ್‌ನಲ್ಲಿ ಹೊರಹೋಗುವ ಟಿಸಿಪಿ 445 (ವಿಂಡೋಸ್ ಫೈಲ್ ಹಂಚಿಕೆಯ ದಾರಿ) ಮುಚ್ಚಿ.

ರಫೀಕ್: ಥಂಡರ್‌ಬರ್ಡ್‌ನಲ್ಲೂ ಹೀಗೇನಾ?

ಲತಾ, ತರೀಕೆರೆ: ಪಿಡಿಎಫ್ ತೆಗೀಬಹುದಾ ಸಾರ್?

ಶ್ರೀಧರ್: ಮೇಲೆ ಓದಿ.

ಸುಮಾ: ಆಫೀಸ್ 2013 ಸಾರ್. ನೆಟ್ ಸ್ಲೋ ಆಗುತ್ತೆ ಅಂತ ಹಾಕಿದಾಗಿನಿಂದ ಅಪ್‌ಡೇಟ್ ನಿಲ್ಲಿಸಿದಾರೆ.

ಶ್ರೀಧರ್: ಹಾಗಾದ್ರೆ ‘ಒಳ್ಳೇದಾಯ್ತು’ ಅಂದಿದ್ದನ್ನು ವಾಪಸ್ ತಗೋತೀನಿ. 2013ಕ್ಕೆ ಬೆಂಬಲ 2023ರ ಏಪ್ರಿಲ್‌ಗೇ ಮುಗೀತು. ನಿಮ್ಮದರಲ್ಲಿ 2017ರ ನವೆಂಬರ್‌ನಲ್ಲಿ ಸರಿಮಾಡಿದ ಇಕ್ವೇಷನ್ ಎಡಿಟರ್ (ಗಣಿತ ಸೂತ್ರ ಬರೆಯೋ ಭಾಗ) ದೋಷವೂ ಹಾಗೇ ಇದ್ದೀತು. ಅದಕ್ಕೆ ಮ್ಯಾಕ್ರೋ ಬೇಡ, ಫೈಲ್ ತೆರೆದರೆ ಸಾಕು. ಈಗಲೇ ನೆಟ್ ತೆಗೀರಿ. ಫೈಲ್ ಮತ್ತೆ ಮುಟ್ಟಬೇಡಿ. ಬೇರೆ ಕಂಪ್ಯೂಟರ್‌ನಿಂದ ಮೇಲ್, ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ. ಖರೀದಿದಾರರಿಗೆ ಹಳೇ ಬಿಲ್‌ನಲ್ಲಿರೋ ನಂಬರ್‌ಗೆ ಫೋನ್ ಮಾಡಿ, ಮೇಲ್‌ನಲ್ಲಿರೋದಕ್ಕಲ್ಲ. ದುಡ್ಡು ಹೋಗಿದ್ದು ಕಂಡ್ರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930.

ಗುರುರಾಜ್: ಬೇವಿನ ಸೊಪ್ಪು ಕಟ್ಟಿದ್ರೂ ಆಗುತ್ತೇನೋ ಕೇಳಿ 😄

ಶ್ರೀಧರ್: ಅಡ್ಮಿನ್, ಇವರನ್ನ ನೋಡ್ಕೊಳ್ಳಿ. ಸುಮಾ ಮೇಡಂ, ತೆಗೆದ್ರಾ?

ಸುಮಾ: ಕೇಬಲ್ ತೆಗೆದೆ ಸಾರ್. ವೈಫೈ ಆನ್ ಇದೆ.

ಶ್ರೀಧರ್: ಅದನ್ನೂ.