ಕಿರುಚಿತ್ರ: ಹೆಂಗಸಿನ ಬಯಕೆಯನ್ನು ವಾಯ್ಸ್ ಓವರ್ ಇಲ್ಲದೆ ತೋರಿಸುವುದು ಹೇಗೆ?

ಅರ್ಧ_ರೀಲು: 15 ನಿಮಿಷದ ಸ್ಕ್ರಿಪ್ಟ್. ನಾಯಕಿಗೆ 40, ಮದುವೆಯಾಗಿದೆ. ಮಹಡಿ ಮನೆಗೆ ಬಾಡಿಗೆಗೆ ಬಂದವನ ಮೇಲೆ ಮನಸ್ಸಾಗುತ್ತೆ. ಓದಿದವರೆಲ್ಲ ಕೇಳೋದು ಒಂದೇ, "ಗಂಡ ಕುಡೀತಾನಾ, ಹೊಡೀತಾನಾ?" ಇಲ್ಲ, ಒಳ್ಳೆಯವನೇ. ಕಾರಣ ಕೊಡಲೇಬೇಕಾ? ಅವಳ ಮನಸ್ಸಿನ ಮಾತೆಲ್ಲ ವಾಯ್ಸ್ ಓವರ್‌ನಲ್ಲಿದೆ, ಅದೂ ರೇಡಿಯೋ ನಾಟಕದ ಥರ ಕೇಳ್ತಿದೆ.

ಹಳೇ_ಟೆಂಟು: ಬೇಡ. ಕಾರಣ ಕೊಟ್ಟ ಕೂಡಲೇ ಆಸೆ ಅವಳದ್ದಾಗಿ ಉಳಿಯಲ್ಲ, ಗಂಡನ ಕೊರತೆಯ ಫಲ ಆಗಿಬಿಡುತ್ತೆ. 'ಎಡಕಲ್ಲು ಗುಡ್ಡದ ಮೇಲೆ'ಯಲ್ಲಿ (1973) ಮಾಧವಿಯ ಗಂಡನಿಗೆ ಯುದ್ಧದ ಗಾಯದಿಂದ ಲೈಂಗಿಕ ಶಕ್ತಿ ಹೋಗಿದೆಯಲ್ಲ, ನೋಡುವವರ ಸಮಾಧಾನಕ್ಕೆ ಕೊಟ್ಟ ನೆಪ ಅದು. ಜಯಂತಿ ಅಭಿನಯಕ್ಕೆ ಅದರ ಅಗತ್ಯವೇ ಇರಲಿಲ್ಲ ಅನ್ನೋದು ನನ್ನ ವಾದ.

ಅದಕ್ಕಿಂತ ಮುಖ್ಯ, ನೋಡ್ತಿರೋರು ಯಾರು? 'ಘಟಶ್ರಾದ್ಧ'ದಲ್ಲಿ (1977) ಕಥೆ ನಾಣಿ ಅನ್ನೋ ಹುಡುಗನ ಕಣ್ಣಲ್ಲಿ ಸಾಗುತ್ತೆ. ಹಾಗಾಗಿ ವಿಧವೆ ಯಮುನೆಗಾದ ಶಿಕ್ಷೆ ಕಾಣುತ್ತೆ, ಬಯಕೆ ಕಾಣಲ್ಲ. ಆ ಚಿತ್ರಕ್ಕೆ ಅದು ಸರಿ, ನಿಮ್ಮದಕ್ಕಲ್ಲ. 'ಶರಪಂಜರ' (1971) ಮತ್ತೆ ನೋಡಿ: ಮಾನಸಿಕ ಕಾಯಿಲೆ ವಾಸಿಯಾಗಿ ಮನೆಗೆ ಬಂದ ಕಾವೇರಿಯನ್ನು ಎಲ್ಲರೂ ಅನುಮಾನದಿಂದ ನೋಡುವಾಗ ನಾವು ಅವಳ ಪಕ್ಕದಲ್ಲಿರ್ತೀವಿ.

ಐವತ್ತು_ಎಂಎಂ: ಅದನ್ನು ಶಾಟ್‌ಗಳಿಗೆ ಇಳಿಸಿದರೆ: ಮೊದಲು ಅವಳ ಮುಖ, 4-5 ಸೆಕೆಂಡ್. ಆಮೇಲೆ ಬಟ್ಟೆ ಹಿಂಡುವ ಅವನ ಕೈ, 2 ಸೆಕೆಂಡ್ ಸಾಕು. ಮತ್ತೆ ಅವಳು, ಈ ಸಲ ಇನ್ನೂ ಉದ್ದ. ಕೈ ಮೊದಲು ಬಂದರೆ ಬಯಸ್ತಿರೋದು ಕ್ಯಾಮೆರಾ ಅಂತಾಗುತ್ತೆ. ಫುಲ್ ಫ್ರೇಮ್ (35 ಎಂಎಂ ಫಿಲ್ಮ್ ಅಳತೆಯ ಸೆನ್ಸರ್) ಕ್ಯಾಮೆರಾಗೆ 50 ಎಂಎಂ ಲೆನ್ಸ್, ಅವಳ ಕಣ್ಣಿನ ಎತ್ತರಕ್ಕೆ. ಅವಳು ಅಂಗಳದಲ್ಲಿದ್ದರೆ ಅವನ ಶಾಟ್ ಕೆಳಗಿನಿಂದಲೇ ಇರಲಿ. ಆ ನಟ ಸೆಟ್‌ನಲ್ಲಿಲ್ಲದ ದಿನ ಅವಳ ಕ್ಲೋಸಪ್ ತೆಗೆದರೆ ನೋಟ ಎಲ್ಲೆಲ್ಲೋ ಹೋಗುತ್ತೆ. ಮಹಡಿ ಕಟಕಟೆಗೆ ಬಣ್ಣದ ಟೇಪ್ ಅಂಟಿಸಿ, ಅಲ್ಲೇ ನೋಡಲಿ.

ಮೌನರಾಗ_22: ವಾಯ್ಸ್ ಓವರ್ ಪೂರ್ತಿ ತೆಗೀರಿ. ಮೇಲಿನ ಮನೆಯ ಚಪ್ಪಲಿ ಸದ್ದು, ಬಕೆಟ್ ಎಳೆಯೋದು, ಇದಕ್ಕೆ ಅವಳ ಕೈಕೆಲಸ ಅರ್ಧಕ್ಕೆ ನಿಂತರೆ ಆಯ್ತು. ಫ್ಯಾನ್, ಫ್ರಿಜ್ ಆಫ್ ಮಾಡಿ ಪ್ರತಿ ಕೋಣೆಯಲ್ಲೂ 1 ನಿಮಿಷ ರೂಮ್ ಟೋನ್ (ಯಾರೂ ಮಾತಾಡದಾಗಿನ ಕೋಣೆಯ ಸದ್ದು) ರೆಕಾರ್ಡ್ ಮಾಡಿಕೊಳ್ಳಿ. ಇಲ್ಲಾಂದ್ರೆ ಇಂಥ ನಿಶ್ಶಬ್ದ ಸೀನ್‌ನಲ್ಲಿ ಪ್ರತಿ ಕಟ್‌ಗೂ ಹಿನ್ನೆಲೆ ಕಡಿದ ಹಾಗೆ ಕೇಳುತ್ತೆ. ಪಿಟೀಲು ಮಾತ್ರ ಬೇಡ ಸ್ವಾಮಿ, 'ಪಾಪ' ಅನ್ನಿಸಿಬಿಡುತ್ತೆ.

ಅರ್ಧ_ರೀಲು: ಥ್ಯಾಂಕ್ಸ್. ಕೊನೆಯಲ್ಲಿ ಒಮ್ಮೆ ಕೈ ಮುಟ್ಟುವ ದೃಶ್ಯ ಇದೆ. ನಟಿ ಹೊಸಬರು.

ಐವತ್ತು_ಎಂಎಂ: ಯಾವ ಕೈ, ಎಲ್ಲಿಯವರೆಗೆ, ಎಷ್ಟು ಹೊತ್ತು, ಎಲ್ಲ ಮೊದಲೇ ಬರೆದು ಇಬ್ಬರ ಒಪ್ಪಿಗೆ ತಗೊಂಡು ರಿಹರ್ಸಲ್ ಮಾಡಿಸಿ. ಶೂಟಿಂಗ್ ದಿನ ಹೊಸದೇನೂ ಸೇರಿಸಬೇಡಿ. ಕ್ಯಾಮೆರಾ, ಸೌಂಡ್, ನಿರ್ದೇಶಕ ಬಿಟ್ಟು ಉಳಿದವರು ಹೊರಗೆ. ನಟಿ ತನ್ನ ಜೊತೆಗೆ ಯಾರಾದರೂ ಇರಲಿ ಅಂದರೆ ಅವರು ಒಳಗೆ.